ಬ್ರಹ್ಮಕಲಶದ ನಂತರದ ನೇಮದಲ್ಲಿ ಸಂಧಿ ಎಲ್ಲಿ ಹೋಯಿತು?

ಪಡುಗಾಳಿ:
ಜೀರ್ಣೋದ್ಧಾರವಾಗಿ ಬ್ರಹ್ಮಕಲಶ (ಪುನಃಪ್ರತಿಷ್ಠೆಯ ವಿಧಿ) ಮುಗಿಸಿದ ತುಳುನಾಡಿನ ಹಲವು ಸಾನಗಳಲ್ಲಿ, ಅಂದರೆ ದೈವಸ್ಥಾನಗಳಲ್ಲಿ, ಈಗ ನೇಮ (ದೈವದ ಕೋಲ) ನಡುರಾತ್ರಿಗೇ ಮುಗಿಯುತ್ತಿದೆ. ದೈವದ ಕಥೆ ಹೇಳುವ ಹಾಡು, ಅಂದರೆ ಪಾಡ್ದನ ಅಥವಾ ಸಂಧಿ, ಕೇಳುವುದಿಲ್ಲ, ಅದಕ್ಕೆ ಬಡಿಯುವ ತೆಂಬರೆ ಇಲ್ಲ, ಗರಿಯಿಂದ ಮಾಡುವ ಉಡುಗೆಯಾದ ಸಿರಿಗೆ ಪ್ಲಾಸ್ಟಿಕ್ ಪಟ್ಟಿ. ಎಲ್ಲದಕ್ಕೂ 'ವೈದಿಕ ಪ್ರಭಾವ' ಎಂದು ಒಂದೇ ಮಾತಲ್ಲಿ ಹೇಳಿಬಿಡುತ್ತಾರೆ. ನಿಜವಾಗಿ ಯಾವ ಹಂತದಲ್ಲಿ ಏನು ಬಿಟ್ಟುಹೋಗುತ್ತಿದೆ? ದೈವದ ವೇಷ ಕಟ್ಟುವ ನಲಿಕೆ, ಪರವ, ಪಂಬದ ಕುಟುಂಬಗಳ ಪಾಲು ಎಲ್ಲಿ ಕರಗುತ್ತಿದೆ? ಅದನ್ನು ಮತ್ತೆ ಸೇರಿಸಲು ಆಗುತ್ತದೆಯೇ?

ತೆಂಬರೆ:
ಮೊದಲು ಹೋಗುವುದು ಹೊತ್ತು. ಉಳಿದದ್ದು ಅದರ ಬೆನ್ನಿಗೇ ಹೋಗುತ್ತದೆ.

ಕ್ರಮ ಹೀಗಿತ್ತು: ಮುಸ್ಸಂಜೆಗೆ ಭಂಡಾರ (ದೈವದ ಆಭರಣ, ಆಯುಧಗಳು) ಇಳಿಯುತ್ತದೆ. ಕೋಲ ಕಟ್ಟುವವರಿಗೆ ಎಣ್ಣೆಬೂಳ್ಯ (ಎಣ್ಣೆ, ವೀಳ್ಯ) ಕೊಡುತ್ತಾರೆ. ಅವರು ಎಣ್ಣೆ ಹಚ್ಚಿ, ಮಿಂದು, ಬಣ್ಣಕ್ಕೆ ಕೂರುತ್ತಾರೆ. ಬಣ್ಣಕ್ಕೇ ತಾಸಿನ ಮೇಲೆ ಬೇಕು, ಸಂಧಿಯ ಜಾಗ ಅದೇ. ಕಟ್ಟುವವರ ಮನೆಯ ಹೆಂಗಸು ತೆಂಬರೆ ಬಡಿಯುತ್ತ ದೈವ ಎಲ್ಲಿ ಹುಟ್ಟಿತು, ಯಾವ ಘಟ್ಟ ಇಳಿಯಿತು, ಯಾವ ಗುತ್ತಿನಲ್ಲಿ (ಊರಿನ ಹಿರಿಯ ಮನೆತನದಲ್ಲಿ) ನೆಲೆ ಕೇಳಿತು ಎಂದು ಹೇಳುತ್ತಾಳೆ. ಆಮೇಲೆ ಕಾಲಿಗೆ ಗಗ್ಗರ ಕಟ್ಟಿ ದೈವದ ನುಡಿ ಕೊಡುವಾಗ ಬರುವ ಊರು, ಬೀಡುಗಳ ಹೆಸರೆಲ್ಲ ಆ ಸಂಧಿಯಿಂದಲೇ ಎದ್ದು ಬರುವಂಥವು.

ಈಗ ಅದೇ ಹೊತ್ತಿಗೆ ಧಾರ್ಮಿಕ ಸಭೆ, ಸನ್ಮಾನ, ಅನ್ನಸಂತರ್ಪಣೆ. ಧ್ವನಿವರ್ಧಕದಲ್ಲಿ ಭಜನೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದ ನಿಯಮವಿದೆ. ಸರಕಾರ ವರ್ಷದಲ್ಲಿ 15 ದಿನಗಳವರೆಗೆ ವಿನಾಯಿತಿ ಕೊಡಬಹುದಾದರೂ ಅದು 12 ಗಂಟೆವರೆಗೆ ಮಾತ್ರ. ಹಾಗಾಗಿ ಸಭೆ ಎಷ್ಟು ಉದ್ದವಾಗುತ್ತದೋ ಕೋಲ ಅಷ್ಟು ಗಿಡ್ಡವಾಗುತ್ತದೆ.

ಇನ್ನು ದುಡ್ಡಿನ ವಿಷಯ. ಇದನ್ನು ಯಾರೂ ಎತ್ತುವುದಿಲ್ಲ. ಗುತ್ತಿನ ಗದ್ದೆ ಇದ್ದಾಗ ಕಟ್ಟುವ ಕುಟುಂಬಕ್ಕೆ ಉಂಬಳಿ ಅಥವಾ ಅಕ್ಕಿಯ ಪಾಲು ಸಿಗುತ್ತಿತ್ತು. ಸಂಧಿ ಹೇಳುವವಳ ಪಾಲೂ ಅದರೊಳಗೇ ಇತ್ತು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗದ್ದೆ ಒಕ್ಕಲಿಗೆ ಹೋಯಿತು. ಅದು ನ್ಯಾಯವೇ. ಆದರೆ ನೇಮದ ಖರ್ಚು ಸಮಿತಿಯ ರಸೀದಿ ಪುಸ್ತಕಕ್ಕೆ, ಮುಂಬೈ ಮತ್ತು ಗಲ್ಫ್ ದೇಣಿಗೆಗೆ ಬಂತು. ಆ ಲೆಕ್ಕದಲ್ಲಿ ತಂತ್ರಿಗಳ ದಕ್ಷಿಣೆ, ಶಾಮಿಯಾನ, ದೀಪಾಲಂಕಾರ ಎಲ್ಲಕ್ಕೂ ಬೇರೆ ಬೇರೆ ಸಾಲು. ಕಟ್ಟುವವರಿಗೆ ಮಾತ್ರ ಒಂದೇ ಇಡಿ ಮೊತ್ತ. ತೆಂಬರೆಯವಳಿಗೆ ಸಾಲೇ ಇಲ್ಲ. ಕರೆಯದಿದ್ದ ಮೇಲೆ ಅವಳು ಬರುವುದಿಲ್ಲ, ಮಗಳು ಕಲಿಯುವುದಿಲ್ಲ.

ಗಗ್ಗರ:
ವಸ್ತುಗಳ ಬಗ್ಗೆ ಹೇಳುತ್ತೇನೆ. ಸಿರಿಗೆ ಬೇಕಾದ್ದು ತೆಂಗಿನ ಬಿಡಿಸದ ಎಳೆ ಗರಿ, ಅಂದರೆ ತಿರಿ. ಇಟ್ಟರೆ ಬಾಡುತ್ತದೆ, ಅಂದಂದೇ ಇಳಿಸಬೇಕು. ಕತ್ತಿ ಆಳಕ್ಕೆ ಹೋಗಿ ಸುಳಿಗೆ ತಾಗಿದರೆ ಮರವೇ ಸಾಯುತ್ತದೆ, ತೆಂಗಿಗೆ ಬೆಳೆಯುವ ತುದಿ ಒಂದೇ. ಇದನ್ನರಿತು ಮರ ಹತ್ತುವವರು ಕಡಿಮೆಯಾದರು, ತೋಟದವರು ಹಿಂಜರಿದರು, ಪ್ಲಾಸ್ಟಿಕ್ ಬಂತು. ಇದು ಚಂದದ ಪ್ರಶ್ನೆಯಷ್ಟೇ ಅಲ್ಲ. ಹಸಿ ತಿರಿಯಲ್ಲಿ ನೀರಿರುತ್ತದೆ, ದೀವಟಿಗೆ ಸೋಕಿದರೂ ತಟ್ಟನೆ ಹೊತ್ತುವುದಿಲ್ಲ. ವಿಷ್ಣುಮೂರ್ತಿ ದೈವದ ಒತ್ತೆಕೋಲದಲ್ಲಿ ಕೆಂಡದ ರಾಶಿಗೆ ಬೀಳುವವರ ಮೈ ಕಾಯುವುದು ಆ ಹಸಿ ಗರಿಯೇ. ಪ್ಲಾಸ್ಟಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿ ಇರುವ ಕೋಲಕ್ಕೆ ಅದನ್ನು ಖಂಡಿತ ತರಬಾರದು.

ಎಲ್ಲ ಹಳೆಯದೂ ಒಳ್ಳೆಯದೆಂದಲ್ಲ. ಮುಖದ ಹಳದಿಗೆ ಬಳಸುತ್ತಿದ್ದ ಅರದಾಳ ಆರ್ಸೆನಿಕ್ ಸಂಯುಕ್ತ, ವಿಷ. ಬೇರೆ ಬಣ್ಣ ಬಂದದ್ದು ಒಳ್ಳೆಯದೇ. ಬರೆಯುವ ಗೆರೆ ತಪ್ಪಬಾರದು, ಯಾವ ದೈವವೆಂದು ಹೇಳುವುದು ಗೆರೆ.

ಗುಳಿಗ ದೈವದ ಕಲ್ಲು ಮರದ ಬುಡದಲ್ಲಿ ಬಯಲಿಗೇ ಇರುವಂಥದ್ದು. ಅದಕ್ಕೆ ಈಗ ಗ್ರಾನೈಟ್ ಕಟ್ಟೆ, ಮಾಡು. ಬುಡದವರೆಗೆ ಕಾಂಕ್ರೀಟ್ ಹಾಕಿದರೆ ಬೇರಿಗೆ ನೀರು, ಗಾಳಿ ಸಿಗದೆ ಕೆಲವು ವರ್ಷಗಳಲ್ಲಿ ಮರ ಒಣಗುತ್ತದೆ.

ಬನದಂಚು:
ವೈದಿಕ ಪ್ರಭಾವ ಎಂಬುದು ಸುಳ್ಳಲ್ಲ, ಆದರೆ ಅದು ಕೆಲಸ ಮಾಡುವುದು ಮಂತ್ರದಿಂದಲ್ಲ, ನೆಲೆಯ ಕಲ್ಪನೆಯಿಂದ. ಸಾನದಲ್ಲಿ ಇದ್ದದ್ದು ಮಂಚವು (ತೂಗುಮಂಚ), ಮೊಗ (ಮುಖವಾಡ), ಕಡ್ತಲೆ (ಕತ್ತಿ). ಭಂಡಾರ ಇರುವುದು ಮನೆಯಲ್ಲಿ. ಕರೆದಾಗ ದೈವ ಬರುತ್ತದೆ, ನುಡಿದು ಹೋಗುತ್ತದೆ. ಜ್ಯೋತಿಷಿಗಳ ಅಷ್ಟಮಂಗಲ ಪ್ರಶ್ನೆಯಲ್ಲಿ ಕಂಡಿತೆಂದು ಬಿಂಬ ಪ್ರತಿಷ್ಠೆ ಮಾಡಿದರೆ ದೈವ ವರ್ಷವಿಡೀ ಒಳಗೇ ಕೂತಂತಾಯಿತು. ಆಗ ನಿತ್ಯ ದೀಪ, ತಂಬಿಲಕ್ಕೂ (ದೈವಕ್ಕೆ ಬಡಿಸುವ ಸೇವೆ) ಅರ್ಚಕರು, ಮಡಿ, ಮೆಟ್ಟಿಲ ಮೇಲೆ ಯಾರು ಹತ್ತಬಹುದೆಂಬ ಗೆರೆ. ದೈವವನ್ನು ಮೈಮೇಲೆ ಹೊರುವವರೇ ಆ ಗೆರೆಯ ಹೊರಗೆ ನಿಲ್ಲುವಂತಾಗುತ್ತದೆ. ಇದು ನನಗೆ ಸಹಿಸಲಾಗದ ಬದಲಾವಣೆ.

ಕೋಳಿಬಲಿ ನಿಂತ ಕಡೆ ಕುಂಬಳಕಾಯಿ, ರಕ್ತದ ಬದಲು ಕೆಂಪು ಕುರ್ದಿ ನೀರು ಬಂದಿದೆ. ಪ್ರಾಣಿಬಲಿ ತಡೆ ಕಾನೂನು 1959ರದ್ದೇ, ಆದರೆ ಹಲವೆಡೆ ಕೋಳಿ ಹೊರಗೆ ಹೋದದ್ದು ಬಿಂಬ ಬಂದ ಮೇಲೆ. ಕುರ್ದಿಗೆ ಅರಸಿನಕ್ಕೆ ಸುಣ್ಣ ಬೀಳಬೇಕು. ಕಡಿಮೆಯಾದರೆ ಕೇಸರಿಯಲ್ಲೇ ನಿಲ್ಲುತ್ತದೆ, ಹೆಚ್ಚಾದರೆ ಮೈ ಉರಿಯುತ್ತದೆ.

ಇನ್ನೊಂದು ಕಡೆಯೂ ಇದೆ. ಡೋಲು ಬಡಿಯಲು ಕೊರಗ ಸಮುದಾಯದವರನ್ನು ಬಿಟ್ಟಿಯಾಗಿ ಕರೆಯುವುದು, ಕೂದಲು ಉಗುರು ಬೆರೆಸಿದ ಅನ್ನ ಕೊಡುವುದು, ಇವೂ 'ಕಟ್ಟಳೆ'ಯೇ ಆಗಿದ್ದವು. 2000ದ ಅಜಲು ನಿಷೇಧ ಕಾಯ್ದೆ ಅದನ್ನು ಅಪರಾಧ ಎಂದಿತು. ಕಟ್ಟಳೆ ಉಳಿಸುವ ಮಾತಾಡುವಾಗ ಯಾರ ಬೆನ್ನಿನ ಮೇಲೆ ಉಳಿಸುತ್ತೇವೆ ಎಂದು ಕೇಳಿಕೊಳ್ಳಬೇಕು. ಅದೇ ಸಮುದಾಯದ ದೈವ ಕೊರಗಜ್ಜನ ಹೆಸರಿನಲ್ಲಿ ಈಗ ಊರೂರಿಗೆ ಕಟ್ಟೆ ಏಳುತ್ತಿದೆ. ಅವುಗಳ ಸಮಿತಿಗಳಲ್ಲಿ ಕೊರಗರು ಎಷ್ಟಿದ್ದಾರೆ ನೋಡಿ.

ಪಡುಗಾಳಿ:
ಹಾಗಾದರೆ ಸಮಿತಿಯೊಂದು ಈ ವರ್ಷವೇ ಮಾಡಬಹುದಾದ್ದು?

ತೆಂಬರೆ:
ಗೊನೆ ಮುಹೂರ್ತಕ್ಕೆ (ಬಾಳೆಗೊನೆ ಕಡಿದು ನೇಮದ ತಯಾರಿ ಆರಂಭಿಸುವ ದಿನ) ಮೊದಲೇ ಕಟ್ಟುವ ಕುಟುಂಬವನ್ನು ಕೂರಿಸಿ ಹೊತ್ತು ನಿಗದಿ ಮಾಡಿ, ಅಚ್ಚಾಗುವ ಆಮಂತ್ರಣದಲ್ಲಿ 'ಸಂಧಿ' ಎಂದು ಸಮಯ ಸಮೇತ ಹಾಕಿಸಿ. ಸಭೆ ಹಿಂದಿನ ದಿನ ಇಟ್ಟುಕೊಳ್ಳಿ. ಬಣ್ಣದ ಚಪ್ಪರ ಜನರಿಗೆ ಕಾಣುವಲ್ಲಿರಲಿ, ಸಂಧಿ ಮುಗಿಯುವವರೆಗೆ ಭಜನೆಯ ಮೈಕು ಬಂದ್. ಸಂಧಿ ಹೇಳುವವಳಿಗೆ ಬೇರೆ ವೀಳ್ಯ (ಸಂಭಾವನೆ), ಅವಳ ಕೈಗೇ. ಧ್ವನಿಮುದ್ರಣ ಮಾಡುವುದಾದರೆ ಕೇಳಿ ಮಾಡಿ. ಪ್ರತಿ ಅವರ ಮನೆಯಲ್ಲಿರಲಿ, ಯೂಟ್ಯೂಬಿಗೆ ಹಾಕುವುದು ಅವರ ತೀರ್ಮಾನ. ಮುಂದಿನ ವರ್ಷ ಆ ಮುದ್ರಣವನ್ನೇ ಹಾಕಿ ಅವಳನ್ನು ಕರೆಯದೆ ಇರಬೇಡಿ.