ಟೇಪ್ ಅಂಟಿಸಬೇಡ ಪುಟ್ಟಿ, ಮೊದಲು ಆ ಗೊರಕೆ ಕೇಳಿಸ್ಕೋ

ಪುಟ್ಟೀ, ದೊಡ್ಡಮ್ಮ ಕಣೆ. ನಿನ್ನ ಮೆಸೇಜ್ ಈಗ ನೋಡಿದೆ. ಯಜಮಾನರ ಗೊರಕೆ ತಡೀಲಾರದೆ ಮೂರು ವಾರದಿಂದ ಹಾಲ್‌ನಲ್ಲಿ ಮಲಗ್ತಿದೀನಿ, ಬಾಯಿಗೆ ಟೇಪ್ ಅಂಟಿಸಿದ್ರೆ ನಿಲ್ಲುತ್ತೆ ಅಂತ ಯಾವುದೋ ವಿಡಿಯೋದಲ್ಲಿ ಬಂತು, ಹಾಕ್ಲಾ ಅಂತ ಕೇಳಿದೀಯ. ಗ್ರೂಪಲ್ಲಿ ಎಲ್ಲರೂ ನಗೋ ಇಮೋಜಿ ಹಾಕಿದಾರೆ. ನಂಗೆ ಮಾತ್ರ ನಗು ಬರಲಿಲ್ಲ. ಟೈಪ್ ಮಾಡೋಕೆ ಕೂತ್ರೆ ಮುಗಿಯೋದಿಲ್ಲ, ಅದಕ್ಕೇ ಹೇಳ್ತಿದೀನಿ. ಪೂರ್ತಿ ಕೇಳು.

ಟೇಪ್ ಬೇಡವೇ ಬೇಡ. ಬಾಯಲ್ಲಿ ಉಸಿರಾಡ್ತಿದಾರೆ ಅಂದ್ರೆ ಮೂಗು ಕಟ್ಟಿರಬಹುದು. ಅಲರ್ಜಿ ಇರಬಹುದು, ಮೂಗಿನ ನಡುವಿನ ಗೋಡೆ ಸೊಟ್ಟಗಿರಬಹುದು. ಇರೋ ಒಂದು ದಾರೀನೂ ಮುಚ್ಚಿಬಿಟ್ರೆ ಹೇಗೆ?

ನಿದ್ದೆ ಹತ್ತಿದ ಮೇಲೆ ಗಂಟಲಿನ ಸ್ನಾಯುಗಳೆಲ್ಲ ಸಡಿಲ ಆಗ್ತವೆ. ಗಾಳಿ ಹೋಗೋ ದಾರಿ ಕಿರಿದಾಗುತ್ತೆ. ಆ ಸಂದಿಯಲ್ಲಿ ಗಾಳಿ ನುಗ್ಗುವಾಗ ಅಂಗುಳಿನ ಹಿಂದಿನ ಮೆತ್ತನೆ ಭಾಗ, ಕಿರುನಾಲಿಗೆ ಎಲ್ಲ ಪಟಪಟ ಅದುರುತ್ತೆ. ಆ ಸದ್ದೇ ಗೊರಕೆ. ಅಂಗಾತ ಮಲಗಿದ್ರೆ ನಾಲಿಗೆ ಬುಡ ಹಿಂದಕ್ಕೆ ಜಾರುತ್ತೆ, ಕುತ್ತಿಗೆ ಸುತ್ತ ಕೊಬ್ಬು ಜಾಸ್ತಿ ಇದ್ರೆ ಅದೂ ಒತ್ತುತ್ತೆ. ರಾತ್ರಿ ಕುಡಿದು ಮಲಗಿದ್ರೆ ಸ್ನಾಯು ಇನ್ನೂ ಜೋತುಬೀಳುತ್ತೆ.

ಈಗ ನಮ್ಮನೇದು ಹೇಳ್ತೀನಿ. ನಿಮ್ಮ ದೊಡ್ಡಪ್ಪನ ಗೊರಕೆ ಜೋರಾಗಿ ಏರ್ತಾ ಏರ್ತಾ ತಟ್ಟನೆ ನಿಂತುಹೋಗೋದು. ಸದ್ಯ ನಿಂತಿತಲ್ಲ ಅಂತ ನಾನು ಮಗ್ಗುಲಾಗ್ತಿದ್ದೆ. ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿದವರ ಹಾಗೆ ಗೊರ್ರ್ ಅಂತ ಎಳ್ಕೊಂಡು ಮತ್ತೆ ಶುರು. ಎಷ್ಟು ವರ್ಷ ಹಾಗೇ ಬಿಟ್ಟೆ ನೋಡು! ಬೆಳಿಗ್ಗೆ ಎದ್ರೆ ತಲೆನೋವು, ಪೇಪರ್ ಹಿಡಿದು ಕೂತಲ್ಲೇ ತೂಕಡಿಕೆ, ಮಾತ್ರೆ ತಗೊಂಡ್ರೂ ಬಿಪಿ ಇಳೀತಿರಲಿಲ್ಲ. ನಿದ್ದೆ ಸರಿ ಇಲ್ಲ ಅಂತ ನಾವೇ ನಿದ್ದೆ ಮಾತ್ರೆ ಬೇರೆ ತಂದ್ವಿ. ಅದು ಗಂಟಲನ್ನ ಇನ್ನೂ ಸಡಿಲ ಮಾಡಬಹುದು ಅಂತ ಆಮೇಲೆ ಗೊತ್ತಾಯ್ತು.

ಕೊನೆಗೆ ಸ್ಲೀಪ್ ಸ್ಟಡಿ, ಅಂದ್ರೆ ಮಲಗಿದಾಗ ಉಸಿರಾಟ ಹೇಗಿದೆ ಅಂತ ನೋಡೋ ಪರೀಕ್ಷೆ, ಮಾಡಿಸಿದ್ವಿ. 10 ಸೆಕೆಂಡು, ಅದಕ್ಕಿಂತ ಜಾಸ್ತಿ ಉಸಿರು ನಿಂತ ಅಥವಾ ಸಾಕಷ್ಟು ಕಮ್ಮಿಯಾದ ಸಲಗಳನ್ನ ಎಣಿಸ್ತಾರೆ. ಗಂಟೆಗೆ 5ರ ಒಳಗಿದ್ರೆ ಪರವಾಗಿಲ್ಲ, 30 ಮುಟ್ಟಿದ್ರೆ ತೀವ್ರ ಸ್ಲೀಪ್ ಅಪ್ನಿಯಾ, ಅಂದ್ರೆ ನಿದ್ದೇಲಿ ಮತ್ತೆ ಮತ್ತೆ ಉಸಿರು ನಿಲ್ಲೋ ಕಾಯಿಲೆ. ಇವರದು 42 ಬಂತು. ಆ ಕಾಗದ ಹಿಡಿದು ನಾನು ಅತ್ತುಬಿಟ್ಟೆ ಕಣೆ. ನಾನು ನೆಮ್ಮದಿ ಪಟ್ಟ ಹೊತ್ತಲ್ಲೇ ಅವರಿಗೆ ಉಸಿರು ಇರಲಿಲ್ಲ.

ಈಗ ಸಿಪ್ಯಾಪ್ ಅನ್ನೋ ಗಾಳಿ ಯಂತ್ರ ಹಾಕ್ಕೊಂಡು ಮಲಗ್ತಾರೆ. ಮಾಸ್ಕ್‌ನಿಂದ ಗಾಳಿ ಮೆಲ್ಲಗೆ ಒತ್ತಿ ಗಂಟಲು ಮುಚ್ಚಿಕೊಳ್ಳದ ಹಾಗೆ ನೋಡ್ಕೊಳ್ಳುತ್ತೆ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಅನ್ನೋ ಡಾಕ್ಟರು ಇದನ್ನ ಜಗತ್ತಿಗೆ ತಿಳಿಸಿದ್ದು, ಅವರಿಗೆ ಕೈ ಮುಗೀಬೇಕು. ಮೊದಲ ಎರಡು ವಾರ ನಿಮ್ಮ ದೊಡ್ಡಪ್ಪ ನಿದ್ದೇಲಿ ಕಿತ್ತೆಸೀತಿದ್ರು, ಬೇರೆ ಅಳತೆ ಮಾಸ್ಕ್ ತಂದ ಮೇಲೆ ಒಗ್ಗಿತು.

ನಿಮ್ಮ ಯಜಮಾನರಿಗೂ ಅದೇ ಅಂತ ನಾನು ಹೇಳ್ತಿಲ್ಲ. ಬರೀ ಗೊರಕೆಯೇ ಆಗಿದ್ರೆ ಎಷ್ಟೋ ಸಲ ಪಕ್ಕಕ್ಕೆ ಮಲಗಿಸಿದ್ರೇ ಕಮ್ಮಿಯಾಗುತ್ತೆ. ಬನಿಯನ್ ಬೆನ್ನಿಗೆ ಒಂದು ಚೆಂಡು ಹೊಲಿದುಬಿಡು, ಅಂಗಾತ ಆದ ತಕ್ಷಣ ಚುಚ್ಚುತ್ತೆ, ಅವರೇ ಮಗ್ಗುಲಾಗ್ತಾರೆ. ತಲೆ ಎತ್ತರ ಮಾಡ್ತೀನಿ ಅಂತ ಎರಡು ದಿಂಬು ಇಡಬೇಡ, ಗದ್ದ ಎದೆಗೆ ಬಂದು ದಾರಿ ಇನ್ನೂ ಮಡಚುತ್ತೆ. ಮಂಚದ ತಲೆ ಕಡೆಯೇ ಎತ್ತರಿಸಬೇಕು. ಇತ್ತೀಚೆಗೆ ದಪ್ಪ ಆಗಿದಾರೆ ಅಂತ ನೀನೇ ಅಂದಿದ್ದೆ, ಸ್ವಲ್ಪ ಇಳಿಸಿದ್ರೂ ಗಂಟಲಿಗೆ ಜಾಗ ಆಗುತ್ತೆ. ಸಿಗರೇಟ್ ಬಿಡಲಿ. ಕೆಳದವಡೆ ಮುಂದಕ್ಕೆ ಹಿಡಿಯೋ ಸಾಧನಾನೂ ಹಲ್ಲಿನ ಡಾಕ್ಟರು ಮಾಡಿಕೊಡ್ತಾರೆ, ಆದ್ರೆ ಪರೀಕ್ಷೆ ಆದ ಮೇಲೆ.

ತಮ್ಮಾ, ನಿನ್ನ ಮಗಳೂ ಗೊರಕೆ ಹೊಡೀತಾಳೆ ಅಂತ ಬರೆದಿದೀಯ. ಮಕ್ಕಳದು ಬೇರೆ, ಹೆಚ್ಚಾಗಿ ಗಂಟಲಿನ ಟಾನ್ಸಿಲ್, ಮೂಗಿನ ಹಿಂದೆ ಇರೋ ಅಡಿನಾಯ್ಡ್ ಅನ್ನೋ ಗಡ್ಡೆ ದಪ್ಪ ಆಗಿರುತ್ತೆ. ದಿನಾ ಹೀಗೇ ಇದ್ರೆ ಇಎನ್‌ಟಿ ಡಾಕ್ಟರಿಗೆ ತೋರಿಸು.

ಪುಟ್ಟಿ, ಇವತ್ತೊಂದು ರಾತ್ರಿ ಹಾಲ್‌ಗೆ ಹೋಗಬೇಡ. ಫೋನ್‌ನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕದಲ್ಲಿರು. ಗೊರಕೆ ನಿಂತಾಗ ಎದೆ ಏರಿಳೀತಿದ್ರೂ ಮೂಗು ಬಾಯಲ್ಲಿ ಗಾಳಿ ಆಡ್ತಿಲ್ಲವಾ ನೋಡು. ಹಗಲು ಗಾಡಿ ಓಡಿಸುವಾಗ ತೂಕಡಿಕೆ ಬರುತ್ತಾ ಅಂತ ಮೆಲ್ಲಗೆ ಕೇಳು. ಬರುತ್ತೆ ಅಂದ್ರೆ ಪರೀಕ್ಷೆ ಆಗೋವರೆಗೂ ಕೀಲಿ ನೀನೇ ಇಟ್ಕೋ. ರೆಕಾರ್ಡಿಂಗ್ ಗ್ರೂಪಿಗೆ ಹಾಕಬೇಡಮ್ಮ, ಅವರಿಗೆ ಬೇಜಾರಾಗುತ್ತೆ. ನಂಗೊಬ್ಬಳಿಗೆ ಕಳಿಸು, ಬೆಳಿಗ್ಗೆ ಎದ್ದ ಕೂಡಲೇ ಕೇಳ್ತೀನಿ.