ಸೆರ್ಬಿಯದ ಸಿನಿಮಾ: ಮೊದಲು ಯಾವುದನ್ನು ನೋಡಬೇಕು?

ಕೊಪ್ಪಳದ ಪ್ರೇಕ್ಷಕ:
ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಮ್ಮೆ ಗೆಳೆಯರೊಬ್ಬರ ಮಾಳಿಗೆಯ ಮೇಲೆ ಬಿಳಿ ಪಂಚೆ ಕಟ್ಟಿ ಸಿನಿಮಾ ನೋಡುತ್ತೇವೆ. ಕಳೆದ ಸಲ ಎಮಿರ್ ಕುಸ್ತುರಿತ್ಸಾ ಅವರ 'ಅಂಡರ್‌ಗ್ರೌಂಡ್' (1995) ಹಾಕಿದೆವು. ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಪಡೆದ ಚಿತ್ರವೆಂದು ನಾನೇ ಹಟ ಹಿಡಿದಿದ್ದೆ. ಆದರೆ ಮೂರು ಗಂಟೆಯ ಹತ್ತಿರ ಹೋಗುವ ಆ ಚಿತ್ರದ ಬ್ಯಾಂಡಿನ ಗದ್ದಲದಲ್ಲಿ ಯಾರು ಯಾರ ಮೇಲೆ ಯುದ್ಧ ಮಾಡುತ್ತಿದ್ದಾರೆಂಬುದೇ ತಿಳಿಯದೆ ಅರ್ಧ ಜನ ನಡುವೆಯೇ ಎದ್ದುಹೋದರು. ಆ ನಾಡಿನ ಚಿತ್ರಗಳನ್ನು ಎಲ್ಲಿಂದ ಆರಂಭಿಸಬೇಕು?

ಸಿರುಗುಪ್ಪದ ರಂಗಾಸಕ್ತ:
ಸ್ಲೊಬೊದಾನ್ ಶಿಯಾನ್ ನಿರ್ದೇಶಿಸಿದ 'ಕೋ ತೋ ತಾಮೋ ಪೇವಾ' (1980) ಹಾಕಿ. 'ಅಲ್ಲಿ ಹಾಡುತ್ತಿರುವವರು ಯಾರು' ಎಂದು ಅದರ ಅರ್ಥ. ಬರೆದವರು ದುಶಾನ್ ಕೊವಾಚೆವಿಚ್. ನಿಮ್ಮವರನ್ನು ಎಬ್ಬಿಸಿ ಕಳಿಸಿದ 'ಅಂಡರ್‌ಗ್ರೌಂಡ್'ನ ಬರವಣಿಗೆಯಲ್ಲೂ ಅವರಿದ್ದಾರೆ. 1941ರ ಏಪ್ರಿಲ್ 5ರಂದು ಹಳ್ಳಿಗಾಡಿನಿಂದ ರಾಜಧಾನಿ ಬೆಲ್‌ಗ್ರೇಡಿಗೆ ಹೊರಟ ಒಂದು ಡಕೋಟ ಬಸ್ಸು, ಎಲ್ಲದಕ್ಕೂ ದುಡ್ಡು ಕೇಳುವ ಕಂಡಕ್ಟರ್ ಅಪ್ಪ, ಪಂಥಕ್ಕೆ ಬಿದ್ದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಾಡಿ ಓಡಿಸುವ ಮಗ, ಹಿಂದೆ ತುಂಬಿದ ಹಂದಿಗಳು: ಸಿಂಧನೂರು–ಗಂಗಾವತಿ ದಾರಿಯಲ್ಲಿ ನಿಂತು ಪ್ರಯಾಣಿಸಿದವರಿಗೆ ಯಾವ ವಿವರಣೆಯೂ ಬೇಕಿಲ್ಲ. ನಡುನಡುವೆ ಇಬ್ಬರು ರೋಮಾ (ಜಿಪ್ಸಿ) ಗಾಯಕರು, ಒಬ್ಬ ಅಕಾರ್ಡಿಯನ್ ಹಿಡಿದು, ಇನ್ನೊಬ್ಬ ಹುಡುಗ ಮೋರ್ಸಿಂಗ್‌ನಂಥ ವಾದ್ಯವನ್ನು ಬಾಯಿಗಿಟ್ಟು, ನೇರವಾಗಿ ನಮ್ಮ ಕಡೆಗೇ ತಿರುಗಿ ಹಾಡುತ್ತಾರೆ. ದೊಡ್ಡಾಟದ ಭಾಗವತರನ್ನು ಕೇಳುತ್ತ ಬೆಳೆದ ನನಗೆ ಅದು ಹೊರಗಿನ ತಂತ್ರವೆನಿಸಲೇ ಇಲ್ಲ. ಕೊನೆಗೆ ಕಳೆದುಹೋದ ಪಾಕೀಟಿನ ಕಳ್ಳತನವನ್ನು ಈ ಗಾಯಕರ ತಲೆಗೇ ಕಟ್ಟಿ ಉಳಿದವರೆಲ್ಲ ಬಡಿಯುತ್ತಿರುವಾಗ, ಏಪ್ರಿಲ್ 6ರ ಜರ್ಮನ್ ಬಾಂಬುಗಳು ಬೀಳುತ್ತವೆ. ಅಲ್ಲಿಯವರೆಗೆ ನಕ್ಕವರು ತಾವು ಯಾರ ಜೊತೆ ಸೇರಿ ನಕ್ಕೆವೆಂದು ಯೋಚಿಸಬೇಕಾಗುತ್ತದೆ.

ರಾಯಚೂರಿನ ಓದುಗಳು:
ಒಪ್ಪುತ್ತೇನೆ, ಆದರೆ ನಗುವಿನ ದಾರಿಯೊಂದೇ ಅಲ್ಲಿಲ್ಲ. ಸ್ರ್ದಾನ್ ಗೊಲುಬೊವಿಚ್ ಅವರ 'ಒತಾತ್ಸ್' (2020), ಅಂದರೆ 'ತಂದೆ', ನೋಡಿ. ಕೆಲಸ ಕಳೆದುಕೊಂಡ ಕೂಲಿಯವನ ಮಕ್ಕಳನ್ನು ಬಡತನದ ಕಾರಣಕ್ಕೆ ಅಧಿಕಾರಿಗಳು ಒಯ್ದಾಗ, ಅವನು ಸಚಿವರಿಗೆ ದೂರು ಕೊಡಲು ಸುಮಾರು 300 ಕಿಲೋಮೀಟರ್ ನಡೆದೇ ಬೆಲ್‌ಗ್ರೇಡಿಗೆ ಹೋಗುತ್ತಾನೆ. ಮರಳಿ ಬಂದರೆ ಮನೆಯ ಸಾಮಾನನ್ನು ನೆರೆಹೊರೆಯವರು ಹೊತ್ತೊಯ್ದಿರುತ್ತಾರೆ. ಅವನು ಜಗಳವಾಡದೆ ಒಂದೊಂದಾಗಿ ತಂದು ಮೇಜು, ಕುರ್ಚಿಗಳನ್ನು ಮತ್ತೆ ಜೋಡಿಸುತ್ತಾನೆ. ಗುಳೆ ಹೋಗಿ ಬಂದು ಬೀಗ ಮುರಿದ ಬಾಗಿಲು ಕಂಡವರು ನಮ್ಮ ಓಣಿಯಲ್ಲೂ ಇದ್ದಾರೆ.

ಬಳ್ಳಾರಿಯ ಹಳೆಯ ಸದಸ್ಯ:
ಧಾರಾವಾಹಿ ಬೇಕಿದ್ದರೆ ದ್ರಾಗಾನ್ ಬ್ಯೆಲೊಗ್ರ್ಲಿಚ್ ಅವರ 'ಸೆಂಕೆ ನಾದ್ ಬಾಲ್ಕಾನೊಮ್' (2017) ಇದೆ. ಎರಡು ಮಹಾಯುದ್ಧಗಳ ನಡುವಿನ ಬೆಲ್‌ಗ್ರೇಡಿನ ಪೊಲೀಸ್ ಕಥೆ. ಅಂದಹಾಗೆ, 'ಅಂಡರ್‌ಗ್ರೌಂಡ್'ಗೆ ಐದು ಗಂಟೆಗೂ ಮೀರಿದ ಟಿವಿ ಆವೃತ್ತಿಯಿದೆ. ಅದನ್ನು ಮಾತ್ರ ಮಾಳಿಗೆಗೆ ಒಯ್ಯಬೇಡಿ.

ಕೊಪ್ಪಳದ ಪ್ರೇಕ್ಷಕ:
ಬಸ್ಸಿನ ಚಿತ್ರವನ್ನೇ ಹಾಕುತ್ತೇವೆ. ಒಂದೂವರೆ ಗಂಟೆಯೊಳಗೆ ಮುಗಿಯುವುದರಿಂದ ಗಂಗಾವತಿಯ ಗೆಳೆಯರಿಗೆ ಊರಿನ ಕೊನೆಯ ಬಸ್ಸೂ ಸಿಗುತ್ತದೆ.