ಮಾತ್ರೆಯ ಲೆಕ್ಕ ಹಾಕು ಪುಟ್ಟಿ

ಪುಟ್ಟಿ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಗ್ರೂಪಿಗೆ ಹಾಕಿದ ಮೆಸೇಜ್ ಬೆಳಿಗ್ಗೆ ನೋಡಿದೆ. ಮೂರು ವರ್ಷದಿಂದ ಮಂಡೆ ನೋವು, ಈಗ ವಾರದಲ್ಲಿ ನಾಲ್ಕೈದು ದಿನ, ಸ್ಕ್ಯಾನ್ ನಾರ್ಮಲ್, ಮೆಡಿಕಲ್ ಶಾಪಿನ ಮಾತ್ರೆ ಮುಂಚಿನ ಹಾಗೆ ಹಿಡಿಯುತ್ತಿಲ್ಲ, ಎಂಆರ್‌ಐ ಇನ್ನೊಮ್ಮೆ ಮಾಡಿಸಬೇಕಾ, ಯಾರಿಗೆ ತೋರಿಸಬೇಕು ಅಂತ ಕೇಳಿದ್ದಿ. ಅದರ ಕೆಳಗೆ ಹದಿನೇಳು ಉತ್ತರ ಉಂಟು. ಕನ್ನಡಕ ಬದಲಿಸು, ಸೈನಸ್ ಇರಬೇಕು, ಮೂಗಿಗೆ ಎಣ್ಣೆ ಬಿಡುವ ನಸ್ಯ ಮಾಡಿಸು, ಮೊಬೈಲ್ ಕಮ್ಮಿ ಮಾಡು, ದೃಷ್ಟಿ ತೆಗೆಸು. ಇದೆಲ್ಲ ನಾನು ಮಾಡಿ ಮುಗಿಸಿದ್ದೇನೆ, ದೃಷ್ಟಿ ಸಹಿತ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಟೈಪ್ ಮಾಡುವ ತಾಳ್ಮೆ ಇಲ್ಲ, ಫೋನಿಗೆ ಬಾಯಲ್ಲೇ ಹೇಳುತ್ತಾ ಇದ್ದೇನೆ, ಅದು ಬರೆದುಕೊಳ್ಳುತ್ತದೆ. ಮಧ್ಯೆ ಕುಕ್ಕರ್ ಕೂಗಿದ್ದನ್ನೂ ಬರೆದುಕೊಂಡರೆ ನನ್ನನ್ನು ಕೇಳಬೇಡಿ.

ಡಾಕ್ಟರ ಹೆಸರು ಆಮೇಲೆ. ಮೊದಲು ಇದು ಹೇಳು. ತಿಂಗಳಲ್ಲಿ ಎಷ್ಟು ದಿನ ಮಾತ್ರೆ ನುಂಗುತ್ತಿ? ಎಷ್ಟು ಮಾತ್ರೆ ಅಂತ ಬೇಡ, ಎಷ್ಟು ದಿನ ಅಂತ ಹೇಳು.

ಒಂಬತ್ತು ವರ್ಷದ ಹಿಂದೆ ಮಣಿಪಾಲದಲ್ಲಿ ನರರೋಗದ ಡಾಕ್ಟರು ನನಗೂ ಇದನ್ನೇ ಕೇಳಿದ್ದು. ನಾನು "ಆಗೊಮ್ಮೆ ಈಗೊಮ್ಮೆ ಡಾಕ್ಟ್ರೇ" ಅಂದೆ. ಅವರು ಪೆನ್ನು ಕೆಳಗಿಟ್ಟು, ಮನೆಗೆ ಹೋಗಿ ಸರಿಯಾಗಿ ನೋಡಿಕೊಂಡು ಬನ್ನಿ ಅಂದರು. ನಮ್ಮ ಫ್ರಿಜ್ಜಿನ ಮೇಲೆ ಒಂದು ಬಿಸ್ಕೆಟ್ ಡಬ್ಬ ಇತ್ತು. ಮಾತ್ರೆಯ ಹೆಸರು ನೆನಪಿರುವುದಿಲ್ಲ ಅಂತ ಖಾಲಿ ಸ್ಟ್ರಿಪ್ ಅದರಲ್ಲಿ ಹಾಕಿಡುತ್ತಿದ್ದೆ, ಮೆಡಿಕಲಿನವನಿಗೆ ತೋರಿಸಲು. ಅವತ್ತು ಅದನ್ನು ಊಟದ ಮೇಜಿನ ಮೇಲೆ ಸುರಿದೆವು. ಬಿಲ್ಲು, ಗೋಡೆಯ ಕ್ಯಾಲೆಂಡರ್, ಸ್ಟ್ರಿಪ್ ಎಲ್ಲ ಕೂಡಿಸಿ ನಿಮ್ಮ ಭಾವ ಲೆಕ್ಕ ಹಾಕಿದರು. ಒಂದು ತಿಂಗಳಲ್ಲಿ 22 ದಿನ. ಹಾಲಿನವನ ಲೆಕ್ಕದಲ್ಲಿ ಎರಡು ರೂಪಾಯಿ ಹೆಚ್ಚುಕಮ್ಮಿ ಆದರೂ ಜಗಳ ತೆಗೆಯುವ ಮನುಷ್ಯ, ಅವತ್ತು ಒಂದು ಮಾತೂ ಆಡಲಿಲ್ಲ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ನನಗೆ ಮೂಲದಲ್ಲಿ ಇದ್ದದ್ದು ಮೈಗ್ರೇನ್, ನಮ್ಮ ಅಜ್ಜಿ ಅರೆತಲೆನೋವು ಅನ್ನುತ್ತಿದ್ದರಲ್ಲ, ಅದೇ. ಆದರೆ ಮಾತ್ರೆ ಜಾಸ್ತಿ ಆದಾಗ ಮಾತ್ರೆಯೇ ನೋವು ತರುತ್ತದಂತೆ. ಬರೀ ಪ್ಯಾರಸಿಟಮಾಲ್, ಐಬುಪ್ರೊಫೆನ್ ಥರದ್ದಾದರೆ ತಿಂಗಳಿಗೆ 15 ದಿನ ಅಥವಾ ಜಾಸ್ತಿ. ಎರ್ಗೋಟಮಿನ್, ಕೆಫೀನ್ ಎಲ್ಲ ಸೇರಿಸಿದ ಮಾತ್ರೆ ಆದರೆ 10 ದಿನವೇ ಸಾಕು. ಮೂರು ತಿಂಗಳಿಗಿಂತ ಹೆಚ್ಚು ಹೀಗೆ ನಡೆದರೆ ಮಂಡೆಗೆ ಅದೇ ಅಭ್ಯಾಸ ಆಗುತ್ತದೆ. ಮಾತ್ರೆಯ ಗುಣ ಇಳಿಯುತ್ತಿದ್ದ ಹಾಗೆ ನೋವು ಏಳುತ್ತದೆ, ನಾವು ಇನ್ನೊಂದು ನುಂಗುತ್ತೇವೆ. ನಾನು ತಿನ್ನುತ್ತಿದ್ದದ್ದು ಆ ಸೇರಿಸಿದ ಮಾತ್ರೆಯೇ. ಚೀಟಿ ಇಲ್ಲದೆ ವರ್ಷಗಟ್ಟಲೆ ಕೊಟ್ಟ ಅಂಗಡಿಯವನ ಮೇಲೆ ನನಗೆ ಈಗಲೂ ಸಿಟ್ಟುಂಟು. ಕೇಳಿದ್ದು ನಾನೇ, ಅದು ಬೇರೆ ವಿಷಯ.

ನೀನು ಬರೆದ ಒಂದು ಸಾಲು, "ಈಗ ಬೆಳಿಗ್ಗೆ ಏಳುವಾಗಲೇ ನೋವು ಇರುತ್ತದೆ" ಅಂದದ್ದು, ಅದು ಓದಿ ನನಗೆ ಡಬ್ಬ ನೆನಪಾಯಿತು.

ಬಿಡುವುದು ಸುಲಭ ಅಂತ ಸುಳ್ಳು ಹೇಳುವುದಿಲ್ಲ. ನಾನು ಬಿಟ್ಟದ್ದು ಆಟಿ ತಿಂಗಳ ಮಳೆಯಲ್ಲಿ. ಎರಡನೇ ದಿನದಿಂದ ಒಂದು ವಾರ ನೋವು ದುಪ್ಪಟ್ಟು. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಮೊಳೆ ಹೊಡೆದ ಹಾಗೆ ಕೇಳುತ್ತಿತ್ತು. ಪಕ್ಕದ ಮನೆಯಲ್ಲಿ ಬಂಗುಡೆ ಹುರಿದರೆ ನಾನು ಇಲ್ಲಿ ಬಚ್ಚಲಿಗೆ ಓಡುವುದು. ವಾಂತಿಗೆ ಡಾಕ್ಟರು ಮಾತ್ರೆ ಕೊಟ್ಟಿದ್ದರು, ಕತ್ತಲೆ ಕೋಣೆ, ಗಂಜಿ ತಿಳಿ, ಅಷ್ಟೇ. ಎಂಟನೇ ದಿನವೋ ಒಂಬತ್ತನೇ ದಿನವೋ ಬೆಳಿಗ್ಗೆ ಎದ್ದು ಚಾ ಮಾಡಿ ಕುಡಿದು ಪೇಪರ್ ಓದಿ ಮುಗಿಸಿದ ಮೇಲೆ ಗೊತ್ತಾಯಿತು, ಇವತ್ತು ಮಂಡೆ ಇರುವುದೇ ನೆನಪಾಗಲಿಲ್ಲ ಅಂತ. ಆದರೆ ನೀನು ಇದನ್ನು ಓದಿ ಇವತ್ತೇ ಎಲ್ಲ ಬಿಟ್ಟು ಕೂರಬೇಡ. ಟ್ರಮಡಾಲ್ ಥರದ ಜೋರಿನ ನೋವಿನ ಮಾತ್ರೆ ಇದ್ದರೆ ತಟಕ್ಕನೆ ನಿಲ್ಲಿಸಬಾರದು. ಡಾಕ್ಟರಿಗೆ ತೋರಿಸಿಯೇ ಬಿಡು.

ಈಗ ಮದ್ದಿನ ವಿಷಯ. ಎರಡು ಥರ ಉಂಟು, ಇದು ನನಗೆ ಹದಿನೈದು ವರ್ಷ ಯಾರೂ ಹೇಳಿರಲಿಲ್ಲ. ಒಂದು, ನೋವು ಬಂದಾಗ ತೆಗೆದುಕೊಳ್ಳುವುದು. ಇನ್ನೊಂದು, ನೋವು ಬರುವುದೇ ಕಮ್ಮಿ ಆಗಲಿ ಅಂತ ದಿನಾ ತೆಗೆದುಕೊಳ್ಳುವುದು. ಎರಡನೆಯದು ಇವತ್ತು ನುಂಗಿದರೆ ನಾಳೆ ಗುಣ ಕಾಣುವುದಿಲ್ಲ. ಸರಿಯಾದ ಡೋಸಿಗೆ ಬಂದ ಮೇಲೆ ಆರೆಂಟು ವಾರ ಕಾಯಬೇಕು. ನಾವು ಎಂತ ಮಾಡುತ್ತೇವೆ, ಹತ್ತು ದಿನ ನೋಡಿ "ಈ ಡಾಕ್ಟರು ಪ್ರಯೋಜನ ಇಲ್ಲ" ಅಂತ ಇನ್ನೊಬ್ಬರ ಹತ್ತಿರ ಹೋಗುತ್ತೇವೆ. ನಾನು ಹಾಗೆ ನಾಲ್ಕು ಡಾಕ್ಟರನ್ನು ಬದಲಿಸಿದವಳು. ಒಬ್ಬರಂತೂ ನನ್ನ ಮುಖವನ್ನೂ ನೋಡದೆ "ಜಾಸ್ತಿ ಯೋಚನೆ ಮಾಡ್ತೀರಿ, ಅಷ್ಟೇ" ಅಂದಿದ್ದರು. ಮನೆಗೆ ಬಂದು ಅತ್ತದ್ದು ಯಾರಿಗೂ ಗೊತ್ತಿಲ್ಲ, ಈಗ ಗ್ರೂಪಿಗೆಲ್ಲ ಗೊತ್ತಾಯಿತು.

ನನಗೆ ದಿನಾ ತೆಗೆದುಕೊಳ್ಳುವುದಕ್ಕೆ ಮೊದಲು ಪ್ರೊಪ್ರನೊಲಾಲ್ ಕೊಡಬೇಕು ಅಂತಿದ್ದರು, ಅಸ್ತಮಾ ಉಂಟು ಅಂದ ಕೂಡಲೇ ಅದನ್ನು ಬಿಟ್ಟರು. ನೀನೂ ಚಿಕ್ಕವಳಿರುವಾಗ ಇನ್‌ಹೇಲರ್ ತೆಗೆದುಕೊಳ್ಳುತ್ತಿದ್ದೆ ಅಲ್ವಾ, ಮರೆಯದೆ ಹೇಳು. ಆಮೇಲೆ ಟೋಪಿರಮೇಟ್. ಬೆರಳ ತುದಿ ಜುಮು ಜುಮು ಅನ್ನುತ್ತಿತ್ತು. ರಥಬೀದಿಯಲ್ಲಿ ಸೋಡಾ ಶರಬತ್ತು ಕುಡಿದು, ಗ್ಯಾಸೇ ಇಲ್ಲ ಅಂತ ಅಂಗಡಿಯವನ ಹತ್ತಿರ ಜಗಳ ಮಾಡಿದೆ. ಸೋಡಾ ಸರಿ ಇತ್ತಂತೆ, ಆ ಮಾತ್ರೆಗೆ ಹಾಗೆ ರುಚಿ ಕೆಡುತ್ತದೆ. ಅದನ್ನೂ ಸಹಿಸಿಕೊಂಡೆ. ಆದರೆ ಒಂದು ದಿನ ಸಾರು ಬಡಿಸಲು ಸೌಟು ಬೇಕಿತ್ತು, ಸೌಟು ಅನ್ನುವ ಶಬ್ದವೇ ಬಾಯಿಗೆ ಬರಲಿಲ್ಲ. "ಅದು, ಅದು" ಅಂತ ಕೈಯಲ್ಲಿ ತೋರಿಸುತ್ತಾ ನಿಂತೆ. ಮಕ್ಕಳು ನಕ್ಕರು, ನನಗೆ ಹೆದರಿಕೆ ಆಯಿತು. ಡಾಕ್ಟರಿಗೆ ಹೇಳಿದೆ, ನಿಧಾನಕ್ಕೆ ಇಳಿಸಿ ನಿಲ್ಲಿಸಿದರು.

ಕೊನೆಗೆ ಹಿಡಿದದ್ದು ಅಮಿಟ್ರಿಪ್ಟಿಲಿನ್, ರಾತ್ರಿ 10 ಮಿಲಿಗ್ರಾಮಿನಿಂದ ಶುರು. ಗೂಗಲಲ್ಲಿ ನೋಡಿದರೆ ಡಿಪ್ರೆಷನ್ ಮಾತ್ರೆ ಅಂತ ಉಂಟು, ನಾಲ್ಕು ದಿನ ತೆಗೆದುಕೊಳ್ಳಲೇ ಇಲ್ಲ. ನೋವಿಗೆ ಕೊಡುವ ಡೋಸ್ ಅದಕ್ಕಿಂತ ತುಂಬಾ ಕಮ್ಮಿ ಅಂತ ಆಮೇಲೆ ತಿಳಿಯಿತು. ಬಾಯಿ ಒಣಗುತ್ತದೆ, ಬೆಳಿಗ್ಗೆ ಸ್ವಲ್ಪ ಮಂಪರು, ಮೂರು ಕಿಲೋ ತೂಕ ಏರಿತು. ಆದರೆ 22 ದಿನ ಇದ್ದದ್ದು ನಾಲ್ಕು ತಿಂಗಳಲ್ಲಿ ಆರಕ್ಕೆ ಬಂತು. ಸೊನ್ನೆ ಆಗಲಿಲ್ಲ, ಆಗುತ್ತದೆ ಅಂತ ಯಾರೂ ಹೇಳಿರಲೂ ಇಲ್ಲ. ಆರು ದಿನ ನನಗೆ ಹಬ್ಬ.

ನಿನಗೂ ಇದೇ ಹಿಡಿಯಬೇಕು ಅಂತಿಲ್ಲ. ಗ್ರೂಪಲ್ಲಿ ಗಂಡಸರೆಲ್ಲ ಇದ್ದೀರಿ, ಇರಲಿ, ಹೇಳಿಬಿಡುತ್ತೇನೆ. ಮದುವೆ ಆದ ಮೇಲೆ ಬೇಗ ಮಗು ಬೇಕು ಅಂತಿದ್ದರೆ ಡಾಕ್ಟರಿಗೆ ಮೊದಲೇ ಹೇಳು. ಟೋಪಿರಮೇಟ್, ಹಾಗೆಯೇ ದಿನಾ ಕೊಡುವ ಇನ್ನೊಂದು ಮಾತ್ರೆ ವಾಲ್‌ಪ್ರೊಯೇಟ್, ಎರಡೂ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ಇನ್ನು ನೋವಿಗೆ ಮುಂಚೆ ಕಣ್ಣೆದುರು ಮಿಂಚಿನ ಗೆರೆ ಬರುತ್ತದೆ ಅಂದಿದ್ದಿ. ಅಂಥವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು, ಪಾರ್ಶ್ವವಾಯುವಿನ ಅಪಾಯ ಜಾಸ್ತಿ. ಅದನ್ನೂ ಹೇಳು.

ಮಾವ ಹಾಕಿದ ಬೊಟಾಕ್ಸ್ ವಿಡಿಯೋ ಸುಳ್ಳಲ್ಲ. ಹಣೆ, ತಲೆ, ಕುತ್ತಿಗೆಯಲ್ಲಿ 31 ಕಡೆ ಚುಚ್ಚುತ್ತಾರೆ, 12 ವಾರಕ್ಕೊಮ್ಮೆ. ಅದು ತಿಂಗಳಲ್ಲಿ 15 ದಿನಕ್ಕಿಂತ ಕಮ್ಮಿ ಇಲ್ಲದೆ ನೋವು ಬರುವವರಿಗೆ, ಮಾತ್ರೆ ಹಿಡಿಯದಿದ್ದರೆ. ಖರ್ಚೂ ಜಾಸ್ತಿ. ಶುರುವಿಗೇ ಅಲ್ಲಿಗೆ ಹಾರುವುದು ಬೇಡ. ನಸ್ಯ ನಾನು ಮಾಡಿಸಿದ್ದೇನೆ, ಎಣ್ಣೆ ಹಾಕಿ ಒತ್ತುವಾಗ ಸುಖವಾಗಿ ನಿದ್ದೆ ಬಂತು, ದಿನದ ಲೆಕ್ಕ ಮಾತ್ರ ಇಳಿಯಲಿಲ್ಲ.

ಎಂಆರ್‌ಐ ಸುಮ್ನೆ ಇನ್ನೊಮ್ಮೆ ಯಾಕೆ? ಮೈಗ್ರೇನಿನಲ್ಲಿ ಸ್ಕ್ಯಾನ್ ನಾರ್ಮಲ್ ಇರುವುದೇ ಜಾಸ್ತಿ. ನಾರ್ಮಲ್ ಬಂತು ಅಂದರೆ ನಿನಗೆ ನೋವಿಲ್ಲ ಅಂತ ಅರ್ಥ ಅಲ್ಲ. ನೋವಿನ ಸ್ವಭಾವ ಬದಲಾದರೆ ಬೇರೆ ಮಾತು. ಒಂದು ನಿಮಿಷದೊಳಗೆ ಸಿಡಿಲಿನ ಹಾಗೆ ಬಂದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಅವತ್ತೇ ಆಸ್ಪತ್ರೆ.

ದೊಡ್ಡಮ್ಮ, ನೀವು ಕೆಳಗೆ "ನನಗೂ ಒಂದು ತಿಂಗಳಿನಿಂದ ಉಂಟು, ತಲೆ ಬಾಚಿದರೂ ನೋವು" ಅಂತ ಬರೆದಿದ್ದೀರಿ. ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ, ನನಗೆ ಅದೇ ಜಾಸ್ತಿ ಚಿಂತೆ. ನಿಮಗೆ 68 ಆಯಿತು. ಐವತ್ತು ದಾಟಿದ ಮೇಲೆ ಹೊಸದಾಗಿ ಬಂದ ತಲೆನೋವನ್ನು ಮೈಗ್ರೇನ್ ಅಂತ ಬಿಡಬಾರದು. ಕಪಾಲದ ರಕ್ತನಾಳ ಉಬ್ಬುವ ಒಂದು ಕಾಯಿಲೆ ಉಂಟು, ಅಗಿಯುವಾಗ ದವಡೆಯೂ ನೋಯುತ್ತದೆ, ಬಿಟ್ಟರೆ ಕಣ್ಣಿಗೇ ಪೆಟ್ಟು. ಇಎಸ್‌ಆರ್ ಅಂತ ರಕ್ತ ಪರೀಕ್ಷೆ ಮಾಡುತ್ತಾರೆ. ಅಣ್ಣ, ನಾಳೆಯೇ ಕರೆದುಕೊಂಡು ಹೋಗು. ದೃಷ್ಟಿ ಮಂಜಾಯಿತು ಅಂದರೆ ನಾಳೆವರೆಗೂ ಕಾಯಬೇಡ.

ಪುಟ್ಟಿ, ನಿನ್ನ ಕೆಲಸ ಇವತ್ತಿನಿಂದ ಇಷ್ಟೇ. ಕ್ಯಾಲೆಂಡರಲ್ಲಿ ನೋವು ಬಂದ ದಿನಕ್ಕೆ ಕೆಂಪು ಚುಕ್ಕೆ, ಮಾತ್ರೆ ನುಂಗಿದ ದಿನಕ್ಕೆ ಅಡ್ಡ ಗೆರೆ. ಮುಟ್ಟಿನ ದಿನ, ನಿದ್ದೆ ಕೆಟ್ಟ ದಿನ, ಹೊಟ್ಟೆ ಖಾಲಿ ಬಿಟ್ಟ ದಿನವನ್ನೂ ಬರೆ. ನನಗೆ ಏಕಾದಶಿಯ ಉಪವಾಸ ಮತ್ತು ರಾತ್ರಿಯಿಡೀ ಯಕ್ಷಗಾನದ ಆಟ ನೋಡುವುದು, ಇವೆರಡೇ ಶತ್ರು ಅಂತ ಗೊತ್ತಾದದ್ದು ಹಾಗೆ. ಏಕಾದಶಿ ಬಿಟ್ಟೆ. ಆಟ ಬಿಡಲಿಲ್ಲ, ವರ್ಷಕ್ಕೆ ಒಂದೇ ನೋಡುತ್ತೇನೆ, ಮರುದಿನದ ನೋವಿಗೆ ರಜೆ ಹಾಕಿಯೇ ಹೋಗುತ್ತೇನೆ. ಶಂಕರಪುರ ಮಲ್ಲಿಗೆ ಮಾತ್ರ ಬಸ್ಸಿನಲ್ಲಿ ಎದುರಿನ ಸೀಟಿನವರು ಮುಡಿದಿದ್ದರೂ ಆಗುವುದಿಲ್ಲ, ಅದೊಂದು ಬೇಜಾರು ಉಂಟು. ನಿನ್ನ ಮದುವೆಗೆ ನಾನು ದೂರದಿಂದಲೇ ಅಕ್ಷತೆ ಹಾಕುವುದು.

ಯಾರಿಗೆ ತೋರಿಸುವುದು ಅಂದರೆ, ನ್ಯೂರಾಲಜಿ ಒಪಿಡಿ ಮಣಿಪಾಲದಲ್ಲೂ ಉಂಟು, ಮಂಗಳೂರಲ್ಲೂ ಉಂಟು. ಸುರತ್ಕಲಿನಿಂದ ನಿನಗೆ ಮಂಗಳೂರೇ ಹತ್ತಿರ. ನಾನು ಮುಂದಿನ ತಿಂಗಳ ಮೊದಲ ಮಂಗಳವಾರ ನನ್ನ ಮಾತ್ರೆಗೆ ಮಣಿಪಾಲಕ್ಕೆ ಹೋಗಲಿಕ್ಕುಂಟು, ಜೊತೆ ಬೇಕಿದ್ದರೆ ಬಾ. ಎಕ್ಸ್‌ಪ್ರೆಸ್ಸಿನಲ್ಲಿ ಕಿಟಕಿ ಬದಿ ಕೂತುಕೋ, ಖಾಲಿ ಹೊಟ್ಟೆಯಲ್ಲಿ ಹೊರಡಬೇಡ, ಟೈಗರ್ ಸರ್ಕಲ್ಲಿನಲ್ಲಿ ಇಳಿದು ಫೋನ್ ಮಾಡು. ಕ್ಯಾಲೆಂಡರ್ ಮತ್ತು ಖಾಲಿ ಸ್ಟ್ರಿಪ್ ಎಲ್ಲ ತಾ. ಬಿಸಾಡಿದ್ದರೆ ಬಿಲ್ಲಾದರೂ ತಾ.

ಕುಕ್ಕರ್ ಮೂರು ಸಲ ಕೂಗಿತು, ಇಡುತ್ತೇನೆ.